ಕಾಣದ ಸಂಖ್ಯೆ, ಅಡಗದ ಕರೆ

ಹರಿಹರಕ್ಕೂ ದಾವಣಗೆರೆಗೂ ನಡುವೆ ಸುಮಾರು ೧೪ ಕಿಲೋಮೀಟರುಗಳ ದಾರಿ. ತುಂಗಭದ್ರೆಯ ದಡದಲ್ಲಿರುವ ಆ ಊರಿನಿಂದ ದಿನವೂ ರೈಲಿನಲ್ಲಿಯೂ ಬಸ್ಸುಗಳಲ್ಲಿಯೂ ಅನೇಕ ವಿದ್ಯಾರ್ಥಿಗಳು ದಾವಣಗೆರೆಯ ಕಾಲೇಜುಗಳಿಗೆ ಬಂದು, ಸಂಜೆ ಹಿಂದಿರುಗುವರು. ಅವರಲ್ಲಿ ಒಬ್ಬ ವಿದ್ಯಾರ್ಥಿನಿ ಕಳೆದ ವರ್ಷ ಒಂದು ದಿನ, ಪಾಠ ಮುಗಿದು ತರಗತಿ ಬರಿದಾದ ಮೇಲೂ ಹೋಗದೆ ನಿಂತಿದ್ದಳು. ಬೆಳಕಿನ ವ್ಯತಿಕರಣದ ವಿಷಯವಾಗಿ ಏನೋ ಸಂದೇಹವಿರಬೇಕೆಂದು ನಾನು ಭಾವಿಸಿದೆನು. ಅವಳು ಕೇಳಿದ ಪ್ರಶ್ನೆಯೇ ಬೇರೆ.

“ಸಾರ್, ನಂಬರು ತೋರಿಸದೆ ಫೋನು ಮಾಡುವವರು ಯಾರೆಂದು ಪತ್ತೆ ಮಾಡಲಿಕ್ಕೆ ಆಗುತ್ತದೆಯೇ?”

ವಿಚಾರಿಸಿದಾಗ ಸಂಗತಿ ತಿಳಿಯಿತು. ಒಂದು ತಿಂಗಳಿನಿಂದ ರಾತ್ರಿಯ ಹೊತ್ತು ಅವಳ ಫೋನಿಗೆ ಕರೆಗಳು ಬರುತ್ತಿದ್ದುವು. ಸಂಖ್ಯೆ ಇರಬೇಕಾದ ಸ್ಥಳದಲ್ಲಿ ‘ಖಾಸಗಿ ಸಂಖ್ಯೆ’ ಎಂಬ ಎರಡು ಪದಗಳು ಮಾತ್ರ. ಎತ್ತಿದರೆ ಒಮ್ಮೊಮ್ಮೆ ಮೌನ, ಒಮ್ಮೊಮ್ಮೆ ಕೇಳಬಾರದ ಮಾತು. ಮನೆಯವರು ಹೆದರಿದ್ದರು. ಕರೆಯುವವನು ಯಾರೆಂದು ತಿಳಿಯುವುದೇ ಸಾಧ್ಯವಿಲ್ಲದ ಮೇಲೆ ದೂರು ಕೊಟ್ಟು ಫಲವೇನು, ಓದಿದ್ದು ಸಾಕು, ಮಗಳು ಮನೆಯಲ್ಲಿರಲಿ ಎಂದು ತಂದೆ ನಿಶ್ಚಯಿಸುವುದರಲ್ಲಿದ್ದರು.

ವಿಚಿತ್ರವೆಂದರೆ, ಅದೇ ವಾರ ಪ್ರಯೋಗಶಾಲೆಯಲ್ಲಿ ಇನ್ನೊಬ್ಬ ಹುಡುಗ ನಗುತ್ತ ಇದಕ್ಕೆ ವಿರುದ್ಧವಾದ ಪ್ರಶ್ನೆಯನ್ನು ಕೇಳಿದನು: “ಸಾರ್, ನಮ್ಮ ನಂಬರು ಕಾಣದ ಹಾಗೆ ಗೆಳೆಯರಿಗೆ ಫೋನು ಮಾಡುವ ಉಪಾಯ ಇದೆಯಂತೆ, ಹೌದೇ?” ಅವನಿಗೆ ಅದು ವಿನೋದ, ಅವಳಿಗೆ ಅದರ ಮೇಲೆ ವಿದ್ಯಾಭ್ಯಾಸವೇ ನಿಂತಿದೆ. ಆದರೆ ಎರಡು ಪ್ರಶ್ನೆಗಳಿಗೂ ಉತ್ತರ ಒಂದೇ. ಅದನ್ನು ತಿಳಿಯಬೇಕಾದರೆ ದೂರವಾಣಿಯಲ್ಲಿ ಸಂಖ್ಯೆ ಎಂಬುದು ಎಲ್ಲಿ ಹುಟ್ಟಿ, ಯಾವ ದಾರಿಯಲ್ಲಿ ನಡೆದು, ಎಲ್ಲಿ ಮರೆಯಾಗುತ್ತದೆ ಎಂಬುದನ್ನು ನೋಡಬೇಕು.

ಮೊದಲು ಎಲ್ಲರೂ ಮರೆಯಲ್ಲಿದ್ದವರೇ

ಅಲೆಕ್ಸಾಂಡರ್ ಗ್ರಹಾಂ ಬೆಲ್ ದೂರವಾಣಿಯ ಹಕ್ಕುಪತ್ರವನ್ನು ಪಡೆದುದು ೧೮೭೬ರಲ್ಲಿ. ಅಲ್ಲಿಂದ ಸುಮಾರು ನೂರು ವರ್ಷಗಳ ಕಾಲ ಕರೆಯುವವನ ಸಂಖ್ಯೆ ಕರೆಯಲ್ಪಟ್ಟವನಿಗೆ ಕಾಣುತ್ತಲೇ ಇರಲಿಲ್ಲ. ಗಂಟೆ ಬಾರಿಸಿತು, ಎತ್ತಿದರು, ‘ಯಾರು ಮಾತನಾಡುವುದು?’ ಎಂದು ಕೇಳಿದರು. ಆದುದರಿಂದ ಸಂಖ್ಯೆಯನ್ನು ಮರೆಮಾಡುವುದು ಹೊಸದಲ್ಲ. ಅದನ್ನು ತೋರಿಸುವುದೇ ಹೊಸದು.

ಆದರೆ ಆ ಕಾಲದಲ್ಲಿಯೂ ಕರೆಯುವವನ ಗುರುತು ಒಬ್ಬರಿಗೆ ತಿಳಿದೇ ಇರುತ್ತಿತ್ತು. ಜನರು ‘ಎಕ್ಸ್‌ಚೇಂಜ್’ ಎಂದು ಕರೆಯುವ ವಿನಿಮಯ ಕೇಂದ್ರದಲ್ಲಿ ಪ್ರತಿಯೊಬ್ಬ ಚಂದಾದಾರನ ಜೋಡಿ ತಂತಿಗಳೂ ಒಂದೊಂದು ನಿರ್ದಿಷ್ಟ ರಂಧ್ರದಲ್ಲಿ ಬಂದು ಮುಗಿಯುತ್ತಿದ್ದುವು. ಕರೆಯುವವನು ರಿಸೀವರನ್ನು ಎತ್ತಿದೊಡನೆ ಆ ರಂಧ್ರದ ಬಳಿಯ ದೀಪ ಹೊತ್ತಿಕೊಳ್ಳುವುದು. ಅಲ್ಲಿ ಕುಳಿತಿದ್ದ ಆಪರೇಟರಿಗೆ ಯಾರು, ಯಾರನ್ನು, ಎಷ್ಟು ಹೊತ್ತು ಮಾತನಾಡಿಸಿದರೆಂಬುದು ಗೊತ್ತು. ಗೊತ್ತಿರದಿದ್ದರೆ ಹಣದ ಬಿಲ್ಲನ್ನು ಯಾರಿಗೆ ಕಳುಹಿಸುವುದು?

ಮನುಷ್ಯನ ಸ್ಥಾನಕ್ಕೆ ಯಂತ್ರವನ್ನು ತಂದವನು ಅಮೆರಿಕದ ಕ್ಯಾನ್ಸಸ್ ಸಿಟಿಯ ಅಲ್ಮನ್ ಸ್ಟ್ರೋಜರ್. ಈತನ ವೃತ್ತಿ ಶವಸಂಸ್ಕಾರದ ಏರ್ಪಾಡು. ತನಗೆ ಬರಬೇಕಾದ ಕರೆಗಳನ್ನು ಆಪರೇಟರು ಪ್ರತಿಸ್ಪರ್ಧಿಗೆ ಜೋಡಿಸುತ್ತಿದ್ದಾಳೆಂಬ ಸಂಶಯದಿಂದ ಈತನು ಆಪರೇಟರೇ ಬೇಡದ ಯಂತ್ರವನ್ನು ಕಲ್ಪಿಸಿದನೆಂದು ಒಂದು ಕಥೆಯುಂಟು. ೧೮೯೧ರಲ್ಲಿ ಅವನಿಗೆ ಹಕ್ಕುಪತ್ರ ದೊರೆಯಿತು. ಡಯಲನ್ನು ತಿರುಗಿಸಿ ಬಿಟ್ಟಾಗ ತಂತಿಯಲ್ಲಿಯ ವಿದ್ಯುತ್ಪ್ರವಾಹ ಅಂಕಿಗೆ ತಕ್ಕಷ್ಟು ಸಲ ತುಂಡಾಗುವುದು. ಐದಕ್ಕೆ ಐದು ಸಲ, ಏಳಕ್ಕೆ ಏಳು ಸಲ. ಅದಕ್ಕನುಸಾರವಾಗಿ ಕೇಂದ್ರದಲ್ಲಿ ಲೋಹದ ಕೈಯೊಂದು ಮೆಟ್ಟಲು ಮೆಟ್ಟಲಾಗಿ ಏರಿ, ಸುತ್ತಿ, ಬೇಕಾದ ತಂತಿಯನ್ನು ಮುಟ್ಟುವುದು. ೧೯೪೮ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಬಹುಕಾಲ ಇಂಥ ಯಂತ್ರಗಳನ್ನೇ ತಯಾರಿಸಿತು. ಆ ಕಾರ್ಖಾನೆಯ ಬಡಾವಣೆಗೆ ‘ದೂರವಾಣಿನಗರ’ ಎಂದೇ ಹೆಸರು.

ಸ್ಟ್ರೋಜರ್ ಕೇಂದ್ರದಲ್ಲಿ ಒಂದು ಕರೆಯೆಂದರೆ ಲೋಹದಿಂದ ಲೋಹಕ್ಕೆ ಮುಟ್ಟಿಕೊಂಡು ಹೋಗುವ ನಿಜವಾದ ದಾರಿ. ಕಿರುಕುಳ ಕೊಡುವವನನ್ನು ಪತ್ತೆ ಮಾಡಬೇಕಾದರೆ, ಕರೆ ಬಂದ ತಂತಿಯಿಂದ ಹೊರಟು, ಒಂದೊಂದೇ ಸ್ಪರ್ಶವನ್ನು ಗುರುತಿಸುತ್ತ, ಸಿಬ್ಬಂದಿ ಸಾಲುಸಾಲು ಯಂತ್ರಗಳ ನಡುವೆ ನಡೆದು ಹೋಗಬೇಕಾಗಿತ್ತು. ಕರೆ ಮುಗಿದರೆ ಕೈಗಳೆಲ್ಲ ಸ್ವಸ್ಥಾನಕ್ಕೆ ಮರಳಿ ದಾರಿ ಅಳಿಸಿಹೋಗುವುದು. ಹಳೆಯ ಚಲನಚಿತ್ರಗಳಲ್ಲಿ ಪೋಲೀಸರು ‘ಮಾತನ್ನು ಬೆಳೆಸಿ, ಫೋನು ಇಡಬೇಡಿ’ ಎಂದು ಸನ್ನೆ ಮಾಡುವುದು ಇದಕ್ಕಾಗಿಯೇ. ಆ ಭಯವೂ ಆ ನಂಬಿಕೆಯೂ ಇಂದಿಗೂ ಉಳಿದಿವೆ. ಕಾರಣ ಮಾತ್ರ ಉಳಿದಿಲ್ಲ.

ಎರಡು ಬಿಟ್ಟುಗಳ ಮುಸುಕು

೧೯೮೪ರಲ್ಲಿ ಭಾರತ ಸರಕಾರ ಸಿ-ಡಾಟ್ ಎಂಬ ಸಂಶೋಧನ ಸಂಸ್ಥೆಯನ್ನು ಸ್ಥಾಪಿಸಿತು. ಅದು ರೂಪಿಸಿದ ಗ್ರಾಮೀಣ ವಿದ್ಯುನ್ಮಾನ ವಿನಿಮಯ ಕೇಂದ್ರಗಳಲ್ಲಿ ಮೊದಲನೆಯದು ೧೯೮೬ರಲ್ಲಿ ನಮ್ಮ ಕಿತ್ತೂರಿನಲ್ಲಿಯೇ ಕೆಲಸಕ್ಕೆ ತೊಡಗಿತು. ಹೀಗೆ ದೇಶದಾದ್ಯಂತ ಲೋಹದ ಕೈಗಳ ಸ್ಥಾನವನ್ನು ಗಣಕಯಂತ್ರಗಳು ಆಕ್ರಮಿಸಿದುವು. ಅಂದಿನಿಂದ ಕರೆಯೆಂದರೆ ಮುಖ್ಯವಾಗಿ ಒಂದು ಕೇಂದ್ರ ಇನ್ನೊಂದು ಕೇಂದ್ರಕ್ಕೆ ಕಳುಹಿಸುವ ಒಂದು ಪತ್ರ. ಧ್ವನಿ ಹೊರಡುವುದಕ್ಕೆ ಮೊದಲೇ ಈ ಪತ್ರ ಬೇರೊಂದು ಮಾರ್ಗದಲ್ಲಿ ಹೊರಟು ಗಮ್ಯವನ್ನು ಸೇರುತ್ತದೆ. ಪತ್ರವ್ಯವಹಾರದ ಈ ನಿಯಮಾವಳಿಗೆ ‘ಏಳನೆಯ ಸಂಕೇತ ಪದ್ಧತಿ’ ಎಂದು ಹೆಸರು. ೧೯೮೦ರಲ್ಲಿ ಇದು ಅಂತರರಾಷ್ಟ್ರೀಯ ಮಾನ್ಯತೆ ಪಡೆಯಿತು.

ಆ ಪತ್ರದಲ್ಲಿ ಏನಿರುತ್ತದೆ? ಕರೆಯಬೇಕಾದ ಸಂಖ್ಯೆ, ಕರೆಯುವವನ ಸಂಖ್ಯೆ, ಅದರ ಜತೆಗೆ ಎರಡೆರಡು ಬಿಟ್ಟುಗಳ ಎರಡು ಚಿಹ್ನೆಗಳು. ಬಿಟ್ ಎಂದರೆ ೦ ಅಥವಾ ೧ ಎಂಬ ಒಂದು ಅಂಕವೆಂಬುದನ್ನು ವಾಚಕರು ಬಲ್ಲರು. ಎರಡು ಬಿಟ್ಟುಗಳಿಂದ ನಾಲ್ಕು ಅರ್ಥಗಳನ್ನು ಸೂಚಿಸಬಹುದು. ಮೊದಲನೆಯ ಚಿಹ್ನೆ ೦೦ ಆಗಿದ್ದರೆ ‘ಈ ಸಂಖ್ಯೆಯನ್ನು ತೋರಿಸಬಹುದು’. ೦೧ ಆಗಿದ್ದರೆ ‘ತೋರಿಸಕೂಡದು’. ೧೦ ಆಗಿದ್ದರೆ ‘ಸಂಖ್ಯೆ ದೊರೆತಿಲ್ಲ’ ಎಂದರ್ಥ. ಎರಡನೆಯ ಚಿಹ್ನೆ, ಈ ಸಂಖ್ಯೆಯನ್ನು ಕೊಟ್ಟವರು ಯಾರು, ಅದನ್ನು ಪರೀಕ್ಷಿಸಿದೆಯೋ ಇಲ್ಲವೋ ಎಂಬುದನ್ನು ಹೇಳುತ್ತದೆ. ಇದರ ವಿಚಾರ ಮುಂದೆ ಬರುವುದು.

ಮರೆಮಾಡಿದ ಸಂಖ್ಯೆಯ ರಹಸ್ಯವೆಲ್ಲ ಆ ಒಂದು ೦೧ರಲ್ಲಿದೆ. ಸಂಖ್ಯೆಯನ್ನು ಪತ್ರದಿಂದ ಅಳಿಸಿರುವುದಿಲ್ಲ. ಅದು ಪೂರ್ಣವಾಗಿ, ಸ್ಪಷ್ಟವಾಗಿ, ಕೊನೆಯ ಕೇಂದ್ರದವರೆಗೂ ಪ್ರಯಾಣ ಮಾಡುತ್ತದೆ. ಲಕೋಟೆಯ ಮೇಲೆ ಕಳುಹಿಸಿದವರ ವಿಳಾಸವನ್ನು ಬರೆದು, ‘ಪತ್ರ ಕೊಡುವಾಗ ಈ ವಿಳಾಸವನ್ನು ಬೆರಳಿನಿಂದ ಮುಚ್ಚಿಕೊಳ್ಳಿ’ ಎಂದು ಅಂಚೆಯವನಿಗೆ ಸೂಚನೆ ಕೊಟ್ಟಂತೆ. ಅಂಚೆಯವನಿಗೆ ವಿಳಾಸ ತಿಳಿದೇ ಇದೆ. ಹರಿಹರೇಶ್ವರನ ಗುಡಿಯಲ್ಲಿ ಮೂರ್ತಿ ಒಂದೇ. ಒಂದು ಪಾರ್ಶ್ವದಲ್ಲಿ ಹರ, ಇನ್ನೊಂದು ಪಾರ್ಶ್ವದಲ್ಲಿ ಹರಿ. ಒಂದೇ ಕಡೆ ನಿಂತವನಿಗೆ ಅರ್ಧವೇ ಕಾಣುವುದೆಂದ ಮಾತ್ರಕ್ಕೆ ಇನ್ನರ್ಧ ಇಲ್ಲವಾಗುವುದಿಲ್ಲ.

ಇನ್ನು ಕೊನೆಯ ಹೆಜ್ಜೆ. ತಂತಿಯ ದೂರವಾಣಿಯ ಪೆಟ್ಟಿಗೆಯ ಮೇಲೆ ಸಂಖ್ಯೆ ಮೂಡುವುದು ಹೇಗೆ? ಇದಕ್ಕೆ ಎರಡು ವಿಧಾನಗಳುಂಟು. ಒಂದರಲ್ಲಿ ಪ್ರತಿಯೊಂದು ಅಂಕಿಗೂ ಎರಡು ಸ್ವರಗಳನ್ನು ಒಟ್ಟಿಗೆ ನುಡಿಸಿ ಕಳುಹಿಸುವರು. ಫೋನಿನ ಗುಂಡಿಗಳು ನಾಲ್ಕು ಅಡ್ಡಸಾಲುಗಳಲ್ಲಿಯೂ ಮೂರು ಕಂಬಸಾಲುಗಳಲ್ಲಿಯೂ ಇವೆಯಷ್ಟೆ. ಅಡ್ಡಸಾಲುಗಳಿಗೆ ಸೆಕೆಂಡಿಗೆ ೬೯೭, ೭೭೦, ೮೫೨, ೯೪೧ ಕಂಪನಗಳ ಸ್ವರಗಳು. ಕಂಬಸಾಲುಗಳಿಗೆ ೧೨೦೯, ೧೩೩೬, ೧೪೭೭ ಕಂಪನಗಳ ಸ್ವರಗಳು. ಐದು ಎರಡನೆಯ ಅಡ್ಡಸಾಲಿನ ನಡುವೆ ಇರುವುದರಿಂದ ಅದರ ನಾದ ೭೭೦ ಮತ್ತು ೧೩೩೬ರ ಮಿಶ್ರಣ. ಇನ್ನೊಂದು ವಿಧಾನದಲ್ಲಿ ಒಂದು ಸ್ವರಕ್ಕೆ ೧ ಎಂದೂ ಮತ್ತೊಂದು ಸ್ವರಕ್ಕೆ ೦ ಎಂದೂ ಬೆಲೆ ಕೊಟ್ಟು, ಮೊದಲೆರಡು ಗಂಟೆಗಳ ನಡುವಣ ಮೌನದಲ್ಲಿ ಸಂಖ್ಯೆಯನ್ನು ಕಳುಹಿಸುವರು. ಚಿಹ್ನೆ ೦೧ ಆಗಿದ್ದರೆ ಕೊನೆಯ ಕೇಂದ್ರ ಸಂಖ್ಯೆಯ ಸ್ವರಗಳನ್ನು ನುಡಿಸದೆ ಸುಮ್ಮನಿರುತ್ತದೆ. ಮೊಬೈಲ್ ಫೋನಿನಲ್ಲಿ ಸ್ವರಗಳ ಬದಲಿಗೆ ರೇಡಿಯೋ ಸಂದೇಶ. ತತ್ತ್ವ ಮಾತ್ರ ಅದೇ. ಸಂಖ್ಯೆಯನ್ನು ಮರೆಮಾಡುವವನು ಕರೆದವನಲ್ಲ. ಅವನ ಕೋರಿಕೆಯಂತೆ ಕೊನೆಯ ಕೇಂದ್ರ ಮರೆಮಾಡುತ್ತದೆ.

ಎಲ್ಲರಿಗೂ ದೊರೆಯದ ಮರೆ

ಅಮೆರಿಕದಲ್ಲಿ ನಕ್ಷತ್ರದ ಗುರುತನ್ನೂ ೬೭ನ್ನೂ ಒತ್ತಿ ಬಳಿಕ ಸಂಖ್ಯೆಯನ್ನು ಒತ್ತಿದರೆ ಆ ಒಂದು ಕರೆಗೆ ಮರೆ ದೊರೆಯುತ್ತದೆ. ಬ್ರಿಟನ್ನಿನಲ್ಲಿ ೧೯೯೪ರಲ್ಲಿ ಸಂಖ್ಯೆ ತೋರಿಸುವ ಸೌಲಭ್ಯ ಬಂದಾಗಲೇ ೧೪೧ ಎಂಬ ಮರೆಯ ಸಂಕೇತವೂ ಬಂದಿತು. ತೋರಿಸುವ ಸೌಲಭ್ಯದೊಡನೆ ಮರೆಯ ಸೌಲಭ್ಯವೂ ಏಕೆ ಬೇಕಾಯಿತು? ಗಂಡನ ಹಿಂಸೆಯಿಂದ ಓಡಿಬಂದು ಆಶ್ರಯದಲ್ಲಿರುವ ಹೆಂಗಸು ಮಕ್ಕಳ ಯೋಗಕ್ಷೇಮ ವಿಚಾರಿಸಲು ಮನೆಗೆ ಕರೆ ಮಾಡಿದರೆ, ಸಂಖ್ಯೆಯ ಮೂಲಕ ಆಶ್ರಯದ ಸ್ಥಳ ಬಯಲಾಗಬಾರದು. ಮನೆಯಿಂದ ರೋಗಿಗೆ ಕರೆ ಮಾಡುವ ವೈದ್ಯರಿಗೂ ಇಂಥ ಅಗತ್ಯವುಂಟು. ಮರೆ ಎಂಬುದೇ ಅಪರಾಧವಲ್ಲ.

ನಮ್ಮ ದೇಶದ ನಿಯಮ ಬಿಗಿಯಾದುದು. ದೂರವಾಣಿ ಕಂಪನಿಗಳಿಗೆ ಸರಕಾರ ಕೊಡುವ ಪರವಾನಗಿಯ ಷರತ್ತಿನಂತೆ ಈ ಸೌಲಭ್ಯವನ್ನು ಸಾಮಾನ್ಯವಾಗಿ ಚಂದಾದಾರರಿಗೆ ಕೊಡಕೂಡದು. ಯಾರಾದರೂ ಕೇಳಿದರೆ ಕಾರಣವನ್ನು ಪರಿಶೀಲಿಸಬೇಕು. ಕೊಟ್ಟರೆ ಅವರ ಹೆಸರು ವಿಳಾಸಗಳ ಪಟ್ಟಿ ಅಧಿಕಾರ ಪಡೆದ ಸರಕಾರಿ ಸಂಸ್ಥೆಗಳಿಗೆ ಸದಾ ದೊರೆಯುವಂತಿರಬೇಕು. ದೂರವಾಣಿಯ ಮೂಲಕ ವ್ಯಾಪಾರ ನಡೆಸುವವರಿಗಂತೂ ಇದು ನಿಷಿದ್ಧ. ಆದುದರಿಂದ ಗೆಳೆಯರಿಂದ ಗೆಳೆಯರಿಗೆ ಹರಡುವ ‘ಈ ಸಂಕೇತ ಒತ್ತಿರಿ, ನಂಬರು ಮಾಯ’ ಎಂಬ ಉಪಾಯ ಇಲ್ಲಿಯ ಸಾಮಾನ್ಯ ಚಂದಾದಾರನಿಗೆ ಕೆಲಸ ಮಾಡುವುದಿಲ್ಲ.

ನಮ್ಮಲ್ಲಿ ಈಗ ಬಳಕೆಗೆ ಬಂದಿರುವ ನ್ಯಾಯವಾದ ಮರೆ ಇನ್ನೊಂದು ಬಗೆಯದು. ಬಾಡಿಗೆ ಕಾರನ್ನು ಫೋನಿನ ಮೂಲಕ ಗೊತ್ತುಮಾಡಿದಾಗ ಅನೇಕ ಕಂಪನಿಗಳು ಪ್ರಯಾಣಿಕನ ಸಂಖ್ಯೆಯನ್ನು ಚಾಲಕನಿಗಾಗಲಿ, ಚಾಲಕನ ಸಂಖ್ಯೆಯನ್ನು ಪ್ರಯಾಣಿಕನಿಗಾಗಲಿ ಕೊಡುವುದಿಲ್ಲ. ನಡುವೆ ಒಂದು ಮೂರನೆಯ ಸಂಖ್ಯೆಯಿಟ್ಟು, ಅದಕ್ಕೆ ಬಂದ ಕರೆಯನ್ನು ತಮ್ಮ ಯಂತ್ರದ ಮೂಲಕ ಇನ್ನೊಬ್ಬರಿಗೆ ಜೋಡಿಸುವರು. ಪ್ರಯಾಣ ಮುಗಿದ ಮೇಲೆ ಆ ಸಂಬಂಧವನ್ನು ಕಡಿಯುವರು. ಇಬ್ಬರಿಗೂ ಪರಸ್ಪರ ಮರೆ. ಜೋಡಿಸಿದವರಿಗೆ ಮಾತ್ರ ಇಬ್ಬರೂ ಗೊತ್ತು.

ಕೇಂದ್ರಕ್ಕೆ ಏನೆಲ್ಲ ಗೊತ್ತು?

ಸಿಮ್ ಎಂಬ ಪುಟ್ಟ ಬಿಲ್ಲೆಯೊಳಗೆ ನಮ್ಮ ಹತ್ತು ಅಂಕಿಗಳ ಸಂಖ್ಯೆಯಲ್ಲದೆ ಬೇರೊಂದು ಸಂಖ್ಯೆಯುಂಟು. ಅದರಲ್ಲಿ ಸಾಮಾನ್ಯವಾಗಿ ೧೫ ಅಂಕಿಗಳು. ಭಾರತದ ಸಿಮ್ ಆಗಿದ್ದರೆ ೪೦೪ ಅಥವಾ ೪೦೫ರಿಂದ ಮೊದಲಾಗುವುದು. ಅದರೊಡನೆ ೧೨೮ ಬಿಟ್ಟುಗಳ ಒಂದು ಗುಪ್ತ ಕೀಲಿಯೂ ಇದೆ. ಫೋನು ಜಾಲವನ್ನು ಸೇರಬೇಕಾದರೆ ಜಾಲ ಒಂದು ಯಾದೃಚ್ಛಿಕ ಸಂಖ್ಯೆಯನ್ನು ಒಡ್ಡಿ ಪ್ರಶ್ನೆ ಕೇಳುವುದು. ಗುಪ್ತ ಕೀಲಿ ಇದ್ದವರು ಮಾತ್ರ ಸರಿಯಾದ ಉತ್ತರವನ್ನು ಲೆಕ್ಕ ಹಾಕಿ ಹೇಳಬಲ್ಲರು. ಹೀಗೆ ತನ್ನ ಗುರುತನ್ನು ಸಿದ್ಧಮಾಡಿ ತೋರಿಸಿದ ಮೇಲೆಯೇ ಒಂದು ಮಾತಿಗೂ ಅವಕಾಶ.

ಅಷ್ಟೇ ಅಲ್ಲ, ಫೋನು ತಾನಿರುವ ದೂರವನ್ನೂ ಹೇಳದೆ ಇರಲಾರದು. ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಇದು ಸ್ವಾರಸ್ಯವಾದ ಲೆಕ್ಕ. ರೇಡಿಯೋ ತರಂಗಗಳ ವೇಗ ಸೆಕೆಂಡಿಗೆ ೩ ಲಕ್ಷ ಕಿಲೋಮೀಟರು. ದಾವಣಗೆರೆಯಿಂದ ಹರಿಹರದವರೆಗಿನ ೧೪ ಕಿಲೋಮೀಟರುಗಳನ್ನು ದಾಟಲು ಅವುಗಳಿಗೆ ಸೆಕೆಂಡಿನ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು ೪೭ ಭಾಗ ಸಾಕು. ಎರಡನೆಯ ತಲೆಮಾರಿನ ಮೊಬೈಲ್ ಜಾಲದಲ್ಲಿ ಅನೇಕ ಫೋನುಗಳು ಸರದಿಯಂತೆ ಒಂದೇ ತರಂಗದಲ್ಲಿ ಮಾತನಾಡುತ್ತವೆ. ದೂರದ ಫೋನಿನ ಸಂಕೇತ ತಡವಾಗಿ ಬಂದು ಮುಂದಿನವನ ಸರದಿಯ ಮೇಲೆ ಬೀಳಬಾರದಾದುದರಿಂದ, ‘ನೀನು ಇಷ್ಟು ಮುಂಚಿತವಾಗಿ ಹೊರಡು’ ಎಂದು ಗೋಪುರ ಪ್ರತಿಯೊಂದು ಫೋನಿಗೂ ಆಜ್ಞೆ ಮಾಡುತ್ತದೆ. ಈ ಆಜ್ಞೆಯ ಒಂದು ಮೆಟ್ಟಲು ಸೆಕೆಂಡಿನ ಹತ್ತು ಲಕ್ಷ ಭಾಗಗಳಲ್ಲಿ ೩.೬೯ ಭಾಗ. ಹೋಗಿ ಬರುವ ದಾರಿಗೆ ಇದನ್ನು ಹಂಚಿದರೆ ಸುಮಾರು ೫೫೦ ಮೀಟರು. ಎಂದರೆ ಗೋಪುರಕ್ಕೂ ಫೋನಿಗೂ ಇರುವ ಅಂತರ ಅರ್ಧ ಕಿಲೋಮೀಟರಿನ ಆಸುಪಾಸಿನಲ್ಲಿ ತಿಳಿದೇ ಇರುತ್ತದೆ. ಸಂಖ್ಯೆಯನ್ನು ತೆರೆಯಿಂದ ಮರೆಮಾಡಬಹುದು. ಬೆಳಕಿನ ವೇಗವನ್ನು ಮೋಸಗೊಳಿಸಲಾಗದು.

ಯಾರು, ಯಾರನ್ನು, ಯಾವ ದಿನ, ಯಾವ ಗಂಟೆಯಲ್ಲಿ, ಎಷ್ಟು ಸೆಕೆಂಡು, ಯಾವ ಗೋಪುರದ ಮೂಲಕ ಕರೆದರೆಂಬ ದಾಖಲೆಯನ್ನು ಕಂಪನಿಗಳು ಕಾಯ್ದಿಡಬೇಕು. ೨೦೨೧ರ ಡಿಸೆಂಬರಿನಲ್ಲಿ ಈ ಅವಧಿಯನ್ನು ಒಂದು ವರ್ಷದಿಂದ ಕನಿಷ್ಠ ಎರಡು ವರ್ಷಗಳಿಗೆ ಏರಿಸಲಾಯಿತು. ಪತ್ತೆಗಾಗಿ ಈಗ ಕರೆಯನ್ನು ಹಿಡಿದು ನಿಲ್ಲಿಸಬೇಕಾಗಿಲ್ಲ. ತಿಂಗಳ ಮೇಲೆ ಕೇಳಿದರೂ ದಾಖಲೆ ಇದ್ದೇ ಇರುತ್ತದೆ.

ಕಂಡ ಸಂಖ್ಯೆ ನಿಜವೇ?

ಇಲ್ಲಿಗೆ ವಿಷಯ ಮುಗಿಯುವುದಿಲ್ಲ. ಮರೆಯಾದ ಸಂಖ್ಯೆಗಿಂತ ಹೆಚ್ಚು ಅಪಾಯಕಾರಿಯಾದುದು ಸುಳ್ಳು ಸಂಖ್ಯೆ. ೦೮೧೯೨ ಎಂಬ ಸಂಕೇತ ದಾವಣಗೆರೆಗೂ ಹರಿಹರಕ್ಕೂ ಒಂದೇ. ಅದರಿಂದ ಮೊದಲಾಗುವ ಸಂಖ್ಯೆ ಕಂಡರೆ ‘ಇದು ನಮ್ಮ ಕಡೆಯದು’ ಎಂದು ನಂಬುವುದು ಸಹಜ. ಆದರೆ ತೆರೆಯ ಮೇಲಿನ ಸಂಖ್ಯೆ ಎಂಬುದು ಕರೆ ಹುಟ್ಟಿದ ಕೇಂದ್ರ ಬರೆದು ಕಳುಹಿಸಿದ ಒಂದು ಹೇಳಿಕೆ ಮಾತ್ರ. ಹಿಂದೆ ಹೇಳಿದ ಎರಡನೆಯ ಚಿಹ್ನೆಯನ್ನು ನೆನೆಯಿರಿ: ಅದು ೧೧ ಆಗಿದ್ದರೆ ಸಂಖ್ಯೆಯನ್ನು ಜಾಲವೇ ಕೊಟ್ಟಿದೆ, ೦೦ ಆಗಿದ್ದರೆ ಕರೆದವನೇ ಕೊಟ್ಟದ್ದು, ಯಾರೂ ಪರೀಕ್ಷಿಸಿಲ್ಲ. ಈ ಭೇದ ನಮ್ಮ ತೆರೆಯ ಮೇಲೆ ಕಾಣುವುದಿಲ್ಲ. ಅಂತರಜಾಲದ ಮೂಲಕ ಧ್ವನಿಯನ್ನು ಕಳುಹಿಸುವ ಪದ್ಧತಿ ಬಂದ ಮೇಲೆ ಪರೀಕ್ಷೆಯಿಲ್ಲದ ದ್ವಾರಗಳು ಹೆಚ್ಚಿದುವು. ಬೇರೆ ದೇಶದಲ್ಲಿ ಕುಳಿತ ವಂಚಕನು ಭಾರತದ ಸಂಖ್ಯೆಯನ್ನು ಬರೆದು ಕರೆ ಮಾಡಿ, ತಾನು ಪೋಲೀಸಿನವನೆಂದೋ ಬ್ಯಾಂಕಿನವನೆಂದೋ ಹೇಳಿ ವೃದ್ಧರನ್ನು ಹೆದರಿಸಿ ಹಣ ಕೀಳುವುದು ಹೀಗೆ.

ಇದನ್ನು ತಡೆಯಲು ದೂರಸಂಪರ್ಕ ಇಲಾಖೆ ೨೦೨೪ರ ಅಕ್ಟೋಬರ್ ೨೨ರಂದು ಒಂದು ಏರ್ಪಾಡನ್ನು ಜಾರಿಗೆ ತಂದಿತು. ಅದರ ತರ್ಕ ಸರಳ. ಭಾರತದ ಮೊಬೈಲ್ ಸಂಖ್ಯೆಯೊಂದು ಹೊರದೇಶದ ದ್ವಾರದಿಂದ ಬರಬೇಕಾದರೆ ಆ ಫೋನು ನಿಜವಾಗಿಯೂ ಹೊರದೇಶದಲ್ಲಿರಬೇಕು. ಇದೆಯೇ ಎಂದು ಅದರ ತವರು ಕಂಪನಿಯನ್ನು ಕೇಳಬೇಕು. ಇಲ್ಲವೆಂದರೆ ಕರೆ ಸುಳ್ಳು. ಮೊದಲ ೨೪ ಗಂಟೆಗಳಲ್ಲಿಯೇ ಇಂಥ ಸುಮಾರು ೧ ಕೋಟಿ ೩೫ ಲಕ್ಷ ಕರೆಗಳನ್ನು ತಡೆಯಲಾಯಿತೆಂದು ಸರಕಾರ ಪ್ರಕಟಿಸಿತು. ೨೦೨೩ರ ದೂರಸಂಪರ್ಕ ಅಧಿನಿಯಮ ಸಂಖ್ಯೆ ಮೊದಲಾದ ಗುರುತುಗಳನ್ನು ತಿದ್ದುವವರಿಗೆ ಮೂರು ವರ್ಷಗಳವರೆಗಿನ ಸೆರೆವಾಸವನ್ನೋ, ೫೦ ಲಕ್ಷ ರೂಪಾಯಿಗಳವರೆಗಿನ ದಂಡವನ್ನೋ, ಎರಡನ್ನೂ ಸೇರಿಸಿಯೋ ವಿಧಿಸುತ್ತದೆ. ಆದರೂ ತೆರೆಯ ಮೇಲೆ ಕಂಡುದನ್ನೇ ಪ್ರಮಾಣವೆಂದು ನಂಬಬಾರದು. ಸಂಶಯ ಬಂದರೆ ಫೋನು ಇಟ್ಟು, ನಮಗೆ ಮೊದಲೇ ತಿಳಿದಿರುವ ಸಂಖ್ಯೆಗೆ ನಾವೇ ಕರೆ ಮಾಡುವುದು ಸುರಕ್ಷಿತ. ಹಣ ಹೋಗಿದ್ದರೆ ಒಡನೆಯೇ ೧೯೩೦ಕ್ಕೆ ತಿಳಿಸಬೇಕು.

ಗಡಿಯಾರವೇ ಸಾಕ್ಷಿ

ಈಗ ಹರಿಹರದ ವಿದ್ಯಾರ್ಥಿನಿಯ ಪ್ರಶ್ನೆಗೆ ಹಿಂದಿರುಗೋಣ. ನಮ್ಮ ದೇಶದೊಳಗೆ ಸಾಮಾನ್ಯರಿಗೆ ಮರೆಯ ಸೌಲಭ್ಯ ದೊರೆಯದಿರುವುದರಿಂದ, ಅವಳಿಗೆ ಬರುತ್ತಿದ್ದಂಥ ಕರೆಗಳು ಅಂತರಜಾಲದ ಬಳಸುದಾರಿಯಿಂದ ಬರುವ ಸಂಭವ ಹೆಚ್ಚು. ಆಗ ಪತ್ತೆಯ ಕೆಲಸ ಉದ್ದವಾಗುತ್ತದೆ, ನಿಜ. ಆದರೆ ಎಳೆ ಎಲ್ಲಿಯೂ ಇಲ್ಲವೆಂದಲ್ಲ. ಕರೆ ಯಾವ ದ್ವಾರದಿಂದ ಒಳಗೆ ಬಂದಿತೆಂಬುದು ದಾಖಲೆಯಲ್ಲಿರುತ್ತದೆ. ಆ ದ್ವಾರದಿಂದ ಹಿಂದಕ್ಕೆ ಹುಡುಕುತ್ತ ಹೋಗಬಹುದು.

ನಾನು ಅವಳಿಗೆ ಹೇಳಿದುದಿಷ್ಟು: “ನೋಡಮ್ಮಾ, ಅವನ ನಂಬರು ನಿನಗೆ ಕಾಣದಿದ್ದರೂ ನಿನ್ನ ನಂಬರು ನಿನಗೆ ಗೊತ್ತಿದೆ. ಕರೆ ಬಂದ ಹೊತ್ತೂ ಗೊತ್ತಾಗುತ್ತದೆ. ಅವೆರಡು ಸಾಕು. ಉಳಿದುದನ್ನು ಕೇಂದ್ರದ ದಾಖಲೆ ಹೇಳುತ್ತದೆ. ಇನ್ನು ಮೇಲೆ ಉತ್ತರ ಕೊಡಬೇಡ. ದಿನ, ಗಂಟೆ, ನಿಮಿಷ ಬರೆದಿಡು.” ಪ್ರಯೋಗಶಾಲೆಯಲ್ಲಿ ವೀಕ್ಷಣೆಗಳನ್ನು ಬರೆಯುವಂತೆ ಅವಳು ಪಟ್ಟಿ ಮಾಡಿದಳು. ಕಂಪನಿಯಿಂದ ದಾಖಲೆ ಪಡೆಯುವ ಅಧಿಕಾರ ನಮಗಾಗಲಿ ನಿಮಗಾಗಲಿ ಇಲ್ಲ, ಅದು ಪೋಲೀಸರಿಗುಂಟು. ಆದಕಾರಣ ಸಂಖ್ಯೆ ಕಾಣದಿದ್ದರೂ ದೂರು ಕೊಡುವುದು ವ್ಯರ್ಥವಲ್ಲವೆಂದು ತಂದೆಗೆ ತಿಳಿಯಹೇಳಬೇಕಾಯಿತು. ಕಾನೂನೂ ಈ ವಿಷಯದಲ್ಲಿ ಹಳೆಯದು. ಹೆಸರನ್ನೂ ನೆಲೆಯನ್ನೂ ಮರೆಮಾಚಿ ಬೆದರಿಕೆ ಹಾಕುವವನಿಗೆ ಹೆಚ್ಚಿನ ಶಿಕ್ಷೆಯೆಂದು ೧೮೬೦ರ ದಂಡಸಂಹಿತೆಯೇ ಹೇಳಿತ್ತು. ದೂರವಾಣಿ ಹುಟ್ಟಿದುದು ಅದಾದ ೧೬ ವರ್ಷಗಳ ಮೇಲೆ. ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ೩೫೧ನೆಯ ವಿಧಿಯಲ್ಲಿ ಆ ಮಾತು ಉಳಿದಿದೆ: ಬೆದರಿಕೆಯ ಶಿಕ್ಷೆಯ ಜತೆಗೆ ಎರಡು ವರ್ಷಗಳವರೆಗೆ ಸೆರೆವಾಸ.

ತಂದೆ ಮಗಳು ಇಬ್ಬರೂ ಹೋಗಿ ಹನ್ನೊಂದು ಕರೆಗಳ ಪಟ್ಟಿಯೊಡನೆ ದೂರು ಕೊಟ್ಟರು. ವಿಚಾರಣೆ ಕೆಲವು ವಾರ ಹಿಡಿಯಿತು. ಕರೆ ದೂರದೇಶವನ್ನು ಸುತ್ತಿ ಬಂದಿದ್ದರೂ ಕರೆದವನು ದೂರದವನಾಗಿರಲಿಲ್ಲ. ಆ ವಿನೋದದ ಪ್ರಶ್ನೆ ಕೇಳಿದ್ದ ಹುಡುಗನಿಗೂ ಎರಡು ಬಿಟ್ಟುಗಳ ವಿಚಾರವನ್ನು ಹಲಗೆಯ ಮೇಲೆ ಬರೆದು ತೋರಿಸಿದೆನು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ನನ್ನ ಗೆಳೆಯನೊಬ್ಬನಿಗೆ ಮಾತ್ರ ಗೊತ್ತಾಗುವುದಿಲ್ಲ, ಮಿಕ್ಕವರಿಗೆಲ್ಲ ಗೊತ್ತಾಗುತ್ತದೆ, ಅಲ್ಲವೇ ಸಾರ್?” ಎಂದನು. ಇದಕ್ಕಿಂತ ಚೆನ್ನಾಗಿ ಆ ಪಾಠದ ಸಾರವನ್ನು ನಾನೂ ಹೇಳಲಾರೆನು.

ಆ ವಿದ್ಯಾರ್ಥಿನಿ ಈಗ ಕೊನೆಯ ವರ್ಷದ ತರಗತಿಯಲ್ಲಿದ್ದಾಳೆ. ಬೆಳಗಿನ ರೈಲು ತಡವಾದ ದಿನ ಮಾತ್ರ ಪಾಠಕ್ಕೆ ತಡವಾಗಿ ಬರುತ್ತಾಳೆ.